ಹರಾಜಿಗೆ ಮುಂಚೆ ಮನೆ ಹುಡುಕುವವರು: ಕಾನೂನು ಏನು ಹೇಳುತ್ತದೆ, ಲಾಭ ಯಾರಿಗೆ?

ಯಾವುದೇ ದಿನದ ಕನ್ನಡ ಪತ್ರಿಕೆ ತೆಗೆದು ನೋಡಿ. ಒಳಪುಟದಲ್ಲಿ ಎಲ್ಲೋ ಒಂದು ಕಡೆ ಸಣ್ಣ ಅಕ್ಷರಗಳಲ್ಲಿ ‘ಸ್ವಾಧೀನ ಪ್ರಕಟಣೆ’ ಕಾಣಸಿಗುತ್ತದೆ. ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಮೊತ್ತ, ಕೊನೆಯಲ್ಲಿ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ನಿವೇಶನ. ಬ್ಯಾಂಕಿನವರು, ವಕೀಲರು ಬಿಟ್ಟರೆ ಇದನ್ನು ಓದುವವರು ಹಿಂದೆ ಕಡಿಮೆ ಇದ್ದರು. ಈಗ ಇದನ್ನೇ ಹುಡುಕಿ ಓದುವ ಇನ್ನೊಂದು ವರ್ಗ ಬೆಳೆದಿದೆ. ಅವರು ಆಸ್ತಿಯಲ್ಲಿ ಹಣ ಹೂಡುವವರು. ಹರಾಜಿನಲ್ಲಿ ಪೈಪೋಟಿಗೆ ನಿಲ್ಲುವುದಕ್ಕಿಂತ ಹರಾಜಿಗೆ ಮುಂಚೆಯೇ ಮನೆಯವರನ್ನು ಹುಡುಕಿಕೊಂಡು ಹೋದರೆ ಅಗ್ಗಕ್ಕೆ ಸಿಗುತ್ತದೆ ಎಂಬುದು ಅವರ ಲೆಕ್ಕ. ಇದನ್ನು ಕಲಿಸುವ ವಿಡಿಯೊಗಳಿವೆ, ಶುಲ್ಕ ಪಡೆದು ನಡೆಸುವ ತರಗತಿಗಳೂ ಇವೆ. ನಮ್ಮ ಸಮಾಜದ ಯುವಕರಲ್ಲೂ ಈ ಬಗ್ಗೆ ವಿಚಾರಿಸುವವರಿದ್ದಾರೆ.

ಈ ವ್ಯವಹಾರ ತಪ್ಪೇ ಸರಿಯೇ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಕಷ್ಟದಲ್ಲಿರುವ ಮನೆಯವರಿಗೆ ಸರಿಯಾದ ಹೊತ್ತಿಗೆ ಒಬ್ಬ ಪ್ರಾಮಾಣಿಕ ಖರೀದಿದಾರ ಸಿಕ್ಕರೆ ಅದು ಅವರಿಗೆ ದೊಡ್ಡ ಉಪಕಾರವೇ. ಅದೇ ಹೊತ್ತಿನಲ್ಲಿ ಬೇರೆ ಥರದವನು ಬಂದರೆ ಇಪ್ಪತ್ತು ವರ್ಷದ ಗಳಿಕೆ ಒಂದು ಸಹಿಯಲ್ಲಿ ಹೋಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ತೀರ್ಮಾನಿಸುವುದು ಕಾನೂನಿನ ಗಡಿಯಾರ. ಆ ಗಡಿಯಾರ ಕಳೆದ ಕೆಲವು ವರ್ಷಗಳಲ್ಲಿ ಬದಲಾಗಿದೆ. ಇದು ಎಷ್ಟೋ ಕುಟುಂಬಗಳಿಗೆ ಇನ್ನೂ ತಿಳಿದಿಲ್ಲ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ‘ಫೋರ್‌ಕ್ಲೋಷರ್’ ಎಂದರೆ ಅವಧಿಗೆ ಮುಂಚೆ ಸಾಲ ತೀರಿಸಿ ಮುಗಿಸುವುದು. ಅದು ಸಂತೋಷದ ಸುದ್ದಿ. ಅಮೆರಿಕದಲ್ಲಿ ಅದೇ ಪದಕ್ಕೆ ಸಾಲ ಕಟ್ಟದ್ದಕ್ಕೆ ಮನೆ ಕಳೆದುಕೊಳ್ಳುವುದು ಎಂದು ಅರ್ಥ. ಅಲ್ಲಿಯ ಪಾಠಗಳನ್ನು ಇಲ್ಲಿ ಕೇಳುವಾಗ ಈ ವ್ಯತ್ಯಾಸ ತಲೆಯಲ್ಲಿರಬೇಕು, ಏಕೆಂದರೆ ಪದ ಮಾತ್ರವಲ್ಲ, ಪದ್ಧತಿಯೂ ಬೇರೆ.

ಅಮೆರಿಕದ ಪಾಠ, ಪೂರ್ತಿಯಾಗಿ

ಈ ವ್ಯಾಪಾರದ ತವರು ಅಮೆರಿಕ. ಅಲ್ಲಿ ಸಾಮಾನ್ಯವಾಗಿ ಕಂತು 120 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದ ಮೇಲೆ ಸಾಲ ಕೊಟ್ಟವರು ಕ್ರಮ ಆರಂಭಿಸಬಹುದು. ಕೆಲವು ರಾಜ್ಯಗಳಲ್ಲಿ ನೋಂದಣಿ ಕಚೇರಿಯಲ್ಲಿ ಸುಸ್ತಿ ನೋಟಿಸು ದಾಖಲಾಗುತ್ತದೆ, ಇನ್ನು ಕೆಲವು ಕಡೆ ನ್ಯಾಯಾಲಯದಲ್ಲಿ ದಾವೆ ಹೂಡಲಾಗುತ್ತದೆ. ಎರಡೂ ಸಾರ್ವಜನಿಕ ದಾಖಲೆಗಳೇ. ಯಾರು ಬೇಕಾದರೂ ನೋಡಬಹುದು. ಹಾಗಾಗಿ ಅಲ್ಲಿ ಪಟ್ಟಿ ತೆಗೆದು ಮಾರುವ ಕಂಪನಿಗಳೇ ಹುಟ್ಟಿಕೊಂಡವು. ಪಟ್ಟಿ ಕೊಂಡವರು ಮನೆಮನೆಗೆ ಕಾರ್ಡು ಕಳಿಸುತ್ತಾರೆ, ಬಾಗಿಲು ತಟ್ಟುತ್ತಾರೆ. 2008ರ ಕುಸಿತದ ನಂತರ, 2009 ಮತ್ತು 2010ರಲ್ಲಿ ವರ್ಷಕ್ಕೆ 28 ಲಕ್ಷಕ್ಕೂ ಹೆಚ್ಚು ಮನೆಗಳ ಮೇಲೆ ಇಂಥ ದಾಖಲೆಗಳು ಬಿದ್ದಾಗ ಈ ವ್ಯಾಪಾರ ಉತ್ತುಂಗಕ್ಕೆ ಹೋಯಿತು.

ನಮ್ಮಲ್ಲಿಗೆ ಬರುವ ವಿಡಿಯೊಗಳು ಇಷ್ಟನ್ನು ಹೇಳಿ ನಿಲ್ಲಿಸುತ್ತವೆ. ಈ ವ್ಯಾಪಾರಕ್ಕೆ ಅಲ್ಲಿಯ ಸರ್ಕಾರಗಳು ಹಾಕಿದ ಕಡಿವಾಣದ ಮಾತು ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1979ರಲ್ಲೇ ಒಂದು ಕಾಯ್ದೆ ಬಂತು. ಸುಸ್ತಿ ನೋಟಿಸು ಬಿದ್ದ ವಾಸದ ಮನೆಯನ್ನು ಹೂಡಿಕೆದಾರ ಕೊಳ್ಳುವಾಗ ಒಪ್ಪಂದ ಲಿಖಿತವಾಗಿರಬೇಕು, ಅದೂ ಮಾತುಕತೆ ನಡೆದ ಭಾಷೆಯಲ್ಲೇ ಇರಬೇಕು. ಸಹಿ ಹಾಕಿದ ಮೇಲೂ ಮನೆಯವರಿಗೆ ಐದು ಕೆಲಸದ ದಿನಗಳವರೆಗೆ ಒಪ್ಪಂದ ರದ್ದು ಮಾಡುವ ಹಕ್ಕಿದೆ. ಮನೆಯವರ ಸಂಕಟವನ್ನು ಮಿತಿಮೀರಿ ಬಳಸಿಕೊಂಡಿದ್ದರೆ ಆಮೇಲೂ ವ್ಯವಹಾರವನ್ನು ಪ್ರಶ್ನಿಸಬಹುದು. ತಾನೇ ವಾಸಕ್ಕೆ ಕೊಳ್ಳುವವನಿಗೆ ಈ ಕಟ್ಟುಪಾಡು ಇಲ್ಲ, ಹೂಡಿಕೆದಾರನಿಗೆ ಮಾತ್ರ. ಮಿನೆಸೋಟ, ಮೇರಿಲ್ಯಾಂಡ್ ರಾಜ್ಯಗಳೂ 2004, 2005ರಲ್ಲಿ ಇದೇ ದಾರಿ ಹಿಡಿದವು.

ಭಾರತದಲ್ಲಿ ಇಂಥ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯಲ್ಲಿ ಅನುಚಿತ ಪ್ರಭಾವ, ವಂಚನೆಯ ಕಲಮುಗಳಿವೆ, ನಿಜ. ಆದರೆ ಅದನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತು ಮಾಡುವ ಹೊತ್ತಿಗೆ ಮನೆ ಮೂರನೆಯವರ ಕೈಗೆ ಹೋಗಿರುತ್ತದೆ. ಹೀಗಾಗಿ ಇಲ್ಲಿ ಮನೆಯವರಿಗೆ ರಕ್ಷಣೆ ಇರುವುದು ಸರ್ಫೇಸಿ ಎಂದು ಕರೆಯುವ 2002ರ ಕಾಯ್ದೆಯ ಒಳಗೇ. ಬ್ಯಾಂಕಿಗೆ ನ್ಯಾಯಾಲಯದ ಹೊರಗೇ ಆಸ್ತಿ ಮಾರುವ ಅಧಿಕಾರ ಕೊಟ್ಟ ಕಾಯ್ದೆಯೂ ಇದೇ.

ಇಲ್ಲಿ ಗುಟ್ಟು ರಟ್ಟಾಗುವುದು ಯಾವಾಗ?

ಕಂತು ತಪ್ಪಿದ ಮೊದಲ ದಿನದಿಂದ ಬ್ಯಾಂಕಿನ ಪುಸ್ತಕದಲ್ಲಿ ಖಾತೆಗೆ ಗುರುತು ಬೀಳುತ್ತದೆ. 30 ದಿನದವರೆಗೆ ಒಂದು ಹಂತ, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು. 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ. ಇಲ್ಲಿಯವರೆಗಿನ ಎಲ್ಲವೂ ಗೋಪ್ಯ. ಈ ಹಂತದ ಗ್ರಾಹಕರ ಪಟ್ಟಿ ತನ್ನ ಬಳಿ ಇದೆ ಎಂದು ಯಾರಾದರೂ ಮಾರಲು ಬಂದರೆ, ಅದು ಬ್ಯಾಂಕಿನ ಒಳಗಿನಿಂದಲೋ ವಸೂಲಿ ಏಜೆಂಟರಿಂದಲೋ ಸೋರಿದ ಪಟ್ಟಿ. ಕೊಂಡವರೂ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಎನ್‌ಪಿಎ ಆದ ಮೇಲೆ ಬ್ಯಾಂಕು 13(2) ಕಲಮಿನ ನೋಟಿಸು ಕೊಡುತ್ತದೆ. ಪೂರ್ತಿ ಬಾಕಿ ಕಟ್ಟಲು 60 ದಿನ ಗಡುವು. ಇದು ಸಾಲಗಾರ ಮತ್ತು ಜಾಮೀನುದಾರರಿಗೆ ಮಾತ್ರ ಬರುತ್ತದೆ. ಅವರು ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅಂಚೆಯವರಿಂದ ಆ ಪತ್ರ ಪಡೆಯದಿದ್ದರೆ ಬಚಾವಾದೆವು ಎಂದುಕೊಳ್ಳುವವರು ಈಗಲೂ ಇದ್ದಾರೆ. ನಡೆಯುವುದು ಅದರ ವಿರುದ್ಧ: ನಾಲ್ಕು ಗೋಡೆಯೊಳಗೆ ಉಳಿಯಬಹುದಾಗಿದ್ದ ವಿಷಯ ಊರಿಗೆಲ್ಲ ಗೊತ್ತಾಗುತ್ತದೆ.

60 ದಿನ ಕಳೆದರೆ 13(4)ರ ಕ್ರಮ. ಮನೆಗೆ ಸ್ವಾಧೀನ ನೋಟಿಸು ಅಂಟಿಸುತ್ತಾರೆ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಅನೇಕ ಪ್ರಕರಣಗಳಲ್ಲಿ ಇದು ಕಾಗದದ ಮೇಲಿನ ಸ್ವಾಧೀನ, ಮನೆಯವರು ಒಳಗೇ ಇರುತ್ತಾರೆ. ಹೊರಗೆ ಹಾಕಬೇಕಾದರೆ ಬ್ಯಾಂಕು 14ನೇ ಕಲಮಿನಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಆನಂತರ ಬೆಲೆ ಕಟ್ಟಿಸಿ, ಕನಿಷ್ಠ ದರ ಗೊತ್ತುಪಡಿಸಿ ಹರಾಜು ಪ್ರಕಟಣೆ. ಸರ್ಕಾರಿ ಬ್ಯಾಂಕುಗಳ ಹರಾಜು ಪಟ್ಟಿಗಳು 2025ರ ಜನವರಿಯಿಂದ ‘ಬ್ಯಾಂಕ್‌ನೆಟ್’ ಎಂಬ ಜಾಲತಾಣದಲ್ಲಿ ಒಂದೆಡೆ ಸಿಗುತ್ತಿವೆ.

ಅಂದರೆ ಕಾನೂನಿನ ಚೌಕಟ್ಟಿನೊಳಗೆ ಇರುವ ಹೂಡಿಕೆದಾರನಿಗೆ ಸಾಮಾನ್ಯವಾಗಿ ವಿಷಯ ತಿಳಿಯುವುದು ಸ್ವಾಧೀನ ಪ್ರಕಟಣೆಯಿಂದ. ಅಲ್ಲಿಂದ ಹರಾಜು ಪ್ರಕಟಣೆಯವರೆಗಿನ ಅಂತರವೇ ಈ ವ್ಯಾಪಾರದ ಜಾಗ. ಕೆಲವೊಮ್ಮೆ ಇದು ಒಂದೆರಡು ತಿಂಗಳು, ಕೆಲವೊಮ್ಮೆ ವರ್ಷ. ಮನೆಯವರ ಪಾಲಿಗೂ ಮುಖ್ಯವಾದ ಕಾಲ ಇದೇ.

30 ದಿನ ಇದೆ ಎಂಬ ನಂಬಿಕೆ

ಹಿಂದೆ ಒಂದು ಧೈರ್ಯವಿತ್ತು. ಹರಾಜು ಪ್ರಕಟಣೆ ಬಂದ ಮೇಲೂ ಹರಾಜಿಗೆ 30 ದಿನವಾದರೂ ಇರುತ್ತದೆ, ಅಷ್ಟರಲ್ಲಿ ಎಲ್ಲಿಂದಲಾದರೂ ಹಣ ತಂದು ಕಟ್ಟಿದರೆ ಮನೆ ಉಳಿಯುತ್ತದೆ ಎಂದು. ಹರಾಜಾದ ಮೇಲೂ ನೋಂದಣಿಯಾಗುವವರೆಗೆ ಹಕ್ಕಿದೆ ಎಂದು ವಾದಿಸಿ ಗೆದ್ದವರೂ ಇದ್ದರು. 2016ರಲ್ಲಿ ಸಂಸತ್ತು 13(8) ಕಲಮಿಗೆ ತಿದ್ದುಪಡಿ ತಂದು, ಹರಾಜು ಪ್ರಕಟಣೆಯ ದಿನಕ್ಕೆ ಮುಂಚೆ ಬಾಕಿ ಕಟ್ಟಬೇಕು ಎಂದಿತು. ಆದರೂ ಬೇರೆ ಬೇರೆ ಹೈಕೋರ್ಟುಗಳಲ್ಲಿ ಬೇರೆ ಬೇರೆ ಅರ್ಥ ನಡೆದುಬಂತು.

2023ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು ಸೆಲಿರ್ ವಿರುದ್ಧ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಇದಕ್ಕೆ ಗೆರೆ ಎಳೆಯಿತು. ಆ ಪ್ರಕರಣ ನೆನಪಿಡುವಂಥದ್ದು. ಹರಾಜಿನಲ್ಲಿ ಆಸ್ತಿ ಸುಮಾರು 105 ಕೋಟಿಗೆ ಹೋಗಿತ್ತು. ಸಾಲಗಾರರು ಆಮೇಲೆ 129 ಕೋಟಿ ಕಟ್ಟಲು ಮುಂದೆ ಬಂದರು, ಬ್ಯಾಂಕು ಒಪ್ಪಿತು, ಹೈಕೋರ್ಟೂ ಅವಕಾಶ ಕೊಟ್ಟಿತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಆಸ್ತಿ ಹರಾಜಿನಲ್ಲಿ ಕೊಂಡವರಿಗೇ ಸೇರಬೇಕು ಎಂದಿತು. ಹರಾಜಿಗಿಂತ 24 ಕೋಟಿ ಹೆಚ್ಚು ಕೊಟ್ಟರೂ ತಡವಾದದ್ದು ತಡವೇ. 2025ರ ಸೆಪ್ಟೆಂಬರ್ 22ರಂದು ಎಂ. ರಾಜೇಂದ್ರನ್ ಪ್ರಕರಣದಲ್ಲಿ ನ್ಯಾಯಾಲಯ ಇದನ್ನೇ ಮತ್ತೆ ಹೇಳಿ ಇನ್ನೊಂದು ಮಾತು ಸೇರಿಸಿತು: ಸಾಲ ಪಡೆದದ್ದು 2016ರ ತಿದ್ದುಪಡಿಗೆ ಮುಂಚೆಯಾದರೂ ಕಂತು ತಪ್ಪಿದ್ದು ಆನಂತರವಾದರೆ ಹೊಸ ನಿಯಮವೇ ಅನ್ವಯ. ಕಾಯ್ದೆ ಒಂದು ಹೇಳಿ ನಿಯಮಾವಳಿ ಇನ್ನೊಂದು ಧ್ವನಿಸುವ ಗೊಂದಲವನ್ನು ಸರಿಪಡಿಸುವಂತೆ ಹಣಕಾಸು ಸಚಿವಾಲಯಕ್ಕೂ ಸೂಚಿಸಿತು.

ಮನೆಯವರಿಗೆ ಇದರ ಅರ್ಥ ಸರಳ. ಪತ್ರಿಕೆಯಲ್ಲಿ ಹರಾಜು ಪ್ರಕಟಣೆ ಬಂದ ಬೆಳಿಗ್ಗೆಯಿಂದ ಮನೆ ಬಿಡಿಸಿಕೊಳ್ಳುವುದನ್ನು ಹಕ್ಕಾಗಿ ಕೇಳುವಂತಿಲ್ಲ. ಆ 30 ದಿನ ಬಿಡ್‌ದಾರರಿಗಾಗಿ ಇರುವುದು, ಮನೆಯವರಿಗಾಗಿ ಅಲ್ಲ. ‘ಇನ್ನೂ ಟೈಮಿದೆ’ ಎಂದು ಸಮಾಧಾನ ಹೇಳುವ ಬಂಧುಗಳು, ಕೆಲವೊಮ್ಮೆ ವಕೀಲರೂ, ಹಳೆಯ ಕಾನೂನಿನ ಮೇಲೆ ಮಾತನಾಡುತ್ತಿರುತ್ತಾರೆ.

ಮನೆಯವರು ಈಗ ಬೇಗ ತೀರ್ಮಾನಿಸಬೇಕಾಗಿರುವುದು ಹೂಡಿಕೆದಾರನಿಗೂ ಗೊತ್ತು. ಅವಸರದಲ್ಲಿರುವವನು ಚೌಕಾಸಿ ಮಾಡುವುದಿಲ್ಲ.

ಬ್ಯಾಂಕಿನ ಒಪ್ಪಿಗೆ ಇಲ್ಲದ ಖರೀದಿ

ಅಮೆರಿಕದ ಪಾಠವನ್ನು ಇಲ್ಲಿ ಹಾಗೇ ನಡೆಸಲು ಹೋದವರು ಎಡವುವುದು 13(13) ಕಲಮಿನಲ್ಲಿ. 60 ದಿನದ ನೋಟಿಸು ಬಂದ ಮೇಲೆ ಸಾಲಗಾರ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಆಸ್ತಿಯನ್ನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಬಾಗಿಲು ತಟ್ಟಿ, ಕೈಗೆ ಹತ್ತು ಲಕ್ಷ ಮುಂಗಡ ಕೊಟ್ಟು, ಕ್ರಯದ ಕರಾರು ಬರೆಸಿಕೊಂಡು ಬಂದವನಿಗೆ ಬ್ಯಾಂಕಿನ ಮುಂದೆ ನಿಲ್ಲುವ ಹಕ್ಕು ಬರುವುದಿಲ್ಲ. ಹರಾಜು ನಡೆದರೆ ಅವನ ಮುಂಗಡ ಆ ಕುಟುಂಬದ ಕೈಯಲ್ಲಿ, ಕುಟುಂಬ ಬೀದಿಯಲ್ಲಿ. ಮುಂಗಡ ವಾಪಸು ಕೇಳಿ ಹಾಕುವ ದಾವೆಯಿಂದ ಇಬ್ಬರಿಗೂ ಏನೂ ದಕ್ಕುವುದಿಲ್ಲ.

ಇದೇ ಕಲಮು ಮನೆಯವರಿಗೆ ಒಂದು ದಾರಿಯನ್ನೂ ತೋರಿಸುತ್ತದೆ. ಬ್ಯಾಂಕಿನ ಒಪ್ಪಿಗೆ ಪಡೆದು ಮಾರಬಹುದು. ಹೀಗೆ ಬರೆದು ಕೇಳುವವರು ಬಹಳ ಕಡಿಮೆ. ಬ್ಯಾಂಕಿಗೆ ಬೇಕಾಗಿರುವುದು ಅದರ ಹಣ. ಖರೀದಿದಾರ ಯಾರೆಂದು ತೋರಿಸಿ, ಪೂರ್ತಿ ಬಾಕಿ ಅವನಿಂದ ನೇರವಾಗಿ ಸಾಲದ ಖಾತೆಗೆ ಬರುತ್ತದೆ ಎಂದು ಬರೆದುಕೊಟ್ಟರೆ ಶಾಖೆಯವರು ತಿರಸ್ಕರಿಸಲು ಕಾರಣ ಕಡಿಮೆ. ಹರಾಜಿನ ಖರ್ಚು, ವಿಳಂಬ, ಟ್ರಿಬ್ಯೂನಲ್ ಅಲೆದಾಟ ಅವರಿಗೂ ಬೇಡ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಇದು ಉದಾಹರಣೆಗಾಗಿ ಮಾಡಿದ ಲೆಕ್ಕ, ಯಾವ ಮನೆಯದೂ ಅಲ್ಲ. ಮನೆಯ ಮಾರುಕಟ್ಟೆ ಬೆಲೆ 90 ಲಕ್ಷ, ಬ್ಯಾಂಕಿಗೆ ಬಾಕಿ 48 ಲಕ್ಷ ಎಂದಿಟ್ಟುಕೊಳ್ಳಿ. ಹರಾಜು ಒಂದು ವರ್ಷದ ನಂತರ ನಡೆದು 68 ಲಕ್ಷ ಬಂತು. ಅಷ್ಟರಲ್ಲಿ ಬಡ್ಡಿ, ಖರ್ಚು ಸೇರಿ ಬಾಕಿ 54 ಲಕ್ಷ ಆಗಿರುತ್ತದೆ. ಮನೆಯವರಿಗೆ ಉಳಿಯುವುದು 14 ಲಕ್ಷ. ಬಾಗಿಲು ತಟ್ಟಿ ಬಂದ ಹೂಡಿಕೆದಾರ ಇಂದೇ 60 ಲಕ್ಷ ಕೊಡುತ್ತೇನೆ ಎನ್ನುತ್ತಾನೆ. ಬಾಕಿ 48 ಕಳೆದರೆ 12 ಲಕ್ಷ. ‘ಹರಾಜಿಗೆ ಹೋದರೂ ಇಷ್ಟೇ ತಾನೇ, ಮರ್ಯಾದೆಯಾದರೂ ಉಳಿಯುತ್ತದೆ’ ಎನ್ನುತ್ತಾನೆ. ಮಾತು ಕೇಳಲು ಸರಿಯಾಗಿಯೇ ಇದೆ. ಆದರೆ ಅದೇ ಮನೆಯವರು ಬ್ಯಾಂಕಿಗೆ ಪತ್ರ ಬರೆದು, ಎರಡು ತಿಂಗಳಲ್ಲಿ ತಾವೇ 84 ಲಕ್ಷಕ್ಕೆ ಮಾರಿದರೆ, 49 ಲಕ್ಷ ಬಾಕಿ ತೀರಿಸಿ 35 ಲಕ್ಷ ಕೈಯಲ್ಲಿ ಉಳಿಯುತ್ತದೆ. 35 ಮತ್ತು 12ರ ನಡುವಿನ 23 ಲಕ್ಷ ಒಂದು ಮದುವೆಯ ಅಥವಾ ಮಗುವಿನ ಓದಿನ ಹಣ. ಆ ಮೊತ್ತ ಯಾರ ಕಡೆಗೆ ಹೋಗುತ್ತದೆ ಎಂಬುದೇ ಈ ವ್ಯಾಪಾರದ ಪ್ರಶ್ನೆ.

ಹೂಡಿಕೆದಾರನಿಗೂ 60 ಲಕ್ಷದ ಖರೀದಿ ಕಾಣುವಷ್ಟು ಲಾಭದ್ದಲ್ಲ. ಅದೇ ಮನೆಯ ಸರ್ಕಾರಿ ಮಾರ್ಗಸೂಚಿ ಬೆಲೆ 72 ಲಕ್ಷ ಇದ್ದರೆ, ಕೊಟ್ಟ ಬೆಲೆಗಿಂತ ಅದು ಶೇ 10ಕ್ಕಿಂತ ಮೇಲೆ ಇರುವುದರಿಂದ 12 ಲಕ್ಷದ ಪೂರ್ತಿ ವ್ಯತ್ಯಾಸವನ್ನು ಆದಾಯ ತೆರಿಗೆ ಕಾನೂನು ಖರೀದಿದಾರನ ಆದಾಯವೆಂದೇ ಎಣಿಸುತ್ತದೆ. ಮಾರಿದವರ ಬಂಡವಾಳ ಲಾಭವನ್ನೂ 72 ಲಕ್ಷದ ಮೇಲೆ ಲೆಕ್ಕ ಹಾಕುತ್ತದೆ. ಮುದ್ರಾಂಕ ಶುಲ್ಕವೂ ಮಾರ್ಗಸೂಚಿ ಬೆಲೆಯ ಮೇಲೆಯೇ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ್ದು, ಎಲ್ಲ ಸೇರಿ ಶೇ 7ಕ್ಕೂ ಹೆಚ್ಚು ಖರ್ಚು ಬರುತ್ತದೆ. ಉಳಿದದ್ದನ್ನು ನಗದಾಗಿ ಕೊಟ್ಟರಾಯಿತು ಎನ್ನುವವರು, ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬುದನ್ನು ಮರೆಯಬಾರದು. 80 ಲಕ್ಷಕ್ಕೆ ನೇರವಾಗಿ ಕೊಂಡವನಿಗೆ ಈ ಯಾವ ತಲೆನೋವೂ ಇಲ್ಲ, ಮಾರುಕಟ್ಟೆಗಿಂತ ಹತ್ತು ಲಕ್ಷ ಕಡಿಮೆಗೂ ಸಿಕ್ಕಿದೆ, ಮನೆಯವರ ಕೈಗೆ 31 ಲಕ್ಷ ಹೋಗಿದೆ. ಇಂಥ ಖರೀದಿಯನ್ನು ತಪ್ಪೆಂದು ಹೇಳಲು ನಮಗೆ ಕಾರಣ ಕಾಣುವುದಿಲ್ಲ.

‘ನೀವು ಇಲ್ಲೇ ಇರಿ, ಆಮೇಲೆ ವಾಪಸು ಕೊಡುತ್ತೇನೆ’

ಹೆಚ್ಚು ಎಚ್ಚರ ಬೇಕಾಗಿರುವುದು ಈ ಮಾತಿಗೆ. ಹೂಡಿಕೆದಾರ ಬಾಕಿ ಕಟ್ಟುತ್ತಾನೆ, ಮನೆ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ, ಮನೆಯವರು ಬಾಡಿಗೆದಾರರಾಗಿ ಅಲ್ಲೇ ಇರುತ್ತಾರೆ, ಎರಡು ವರ್ಷದಲ್ಲಿ ಹಣ ಹೊಂದಿಸಿದರೆ ಮನೆ ವಾಪಸು ಎಂಬ ಭರವಸೆ. ಅಮೆರಿಕದಲ್ಲಿ ಮಿನೆಸೋಟ, ಮೇರಿಲ್ಯಾಂಡ್‌ಗಳು ಕಾನೂನು ಮಾಡಿದ್ದು ಮುಖ್ಯವಾಗಿ ಇಂಥ ವ್ಯವಹಾರಗಳ ಕಾರಣಕ್ಕೇ. ನಮ್ಮಲ್ಲಿ ಇದು ಹೊಸದಲ್ಲ, ಹಳ್ಳಿಯ ಭೋಗ್ಯ, ಆಧಾರಗಳ ನೆನಪಿರುವವರಿಗೆ ಪರಿಚಿತವಾಗಿಯೇ ಕಾಣುತ್ತದೆ. ಹಾಗಾಗಿಯೇ ನಂಬುತ್ತಾರೆ.

ಕಾನೂನು ಇಲ್ಲಿ ಕಠಿಣವಾಗಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 58(ಸಿ) ಪ್ರಕಾರ ವಾಪಸು ಕೊಡುವ ಷರತ್ತು ಅದೇ ಕ್ರಯಪತ್ರದಲ್ಲಿ ಬರೆದಿರದಿದ್ದರೆ ಆ ವ್ಯವಹಾರವನ್ನು ಅಡಮಾನ ಎಂದು ಪರಿಗಣಿಸುವುದಿಲ್ಲ. ಬಾಯಿಮಾತಿನ ಭರವಸೆಯಾಗಲಿ, ಬೇರೆ ಛಾಪಾ ಕಾಗದದ ಮೇಲಿನ ಕರಾರಾಗಲಿ ಕ್ರಯವನ್ನು ಅಡಮಾನವಾಗಿಸುವುದಿಲ್ಲ. ಜಿಪಿಎ ಮೂಲಕ ‘ಮಾರಾಟ’ ಮಾಡಿದರೆ ಒಡೆತನವೇ ವರ್ಗವಾಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಸಮಾಜದ ಹಿರಿಯರನ್ನು ಕೂರಿಸಿಕೊಂಡು, ದೇವರ ಮುಂದೆ ಮಾತು ಕೊಟ್ಟು ಮಾಡಿದ ವ್ಯವಹಾರವಾದರೂ ನೋಂದಾಯಿತ ಪತ್ರದಲ್ಲಿ ಬರೆದಿಲ್ಲವೆಂದರೆ ನ್ಯಾಯಾಲಯದ ಮುಂದೆ ಅದು ನಿಲ್ಲುವುದು ಬಹಳ ಕಷ್ಟ. ಮಾತು ಕೊಟ್ಟವರು ಒಳ್ಳೆಯವರೇ ಇರಬಹುದು. ಅವರ ನಂತರ ಮಕ್ಕಳು ಬರುತ್ತಾರೆ.

ಮನೆ ಸಾಲವಲ್ಲ, ಅಂಗಡಿಯ ಸಾಲ

ವ್ಯಾಪಾರಸ್ಥ ಕುಟುಂಬಗಳಲ್ಲಿ ಮನೆ ಹೋಗುವುದು ಹೆಚ್ಚಾಗಿ ಮನೆ ಸಾಲದಿಂದಲ್ಲ. ಅಂಗಡಿಯ ಅಥವಾ ಸಣ್ಣ ಕಾರ್ಖಾನೆಯ ಸಿಸಿ, ಓಡಿ ಖಾತೆಗೆ ಮನೆಯನ್ನು ಆಧಾರವಾಗಿ ಕೊಟ್ಟಿರುತ್ತಾರೆ. ತಾಯಿಯದೋ ಹೆಂಡತಿಯದೋ ಹೆಸರಿನಲ್ಲಿ ಮನೆ, ಜಾಮೀನಿಗೆ ಅಣ್ಣತಮ್ಮಂದಿರ ಸಹಿ. ವ್ಯಾಪಾರ ಕುಸಿದಾಗ ಮನೆಯ ಮೇಲೆ ನೋಟಿಸು ಬರುತ್ತದೆ, ಸಹಿ ಹಾಕಿದವರಿಗೆ ಆಗಲೇ ವಿಷಯ ಗೊತ್ತಾಗುವುದು.

ಇಂಥವರು 2024ರ ಆಗಸ್ಟ್ 1ರ ಪ್ರೊ ನಿಟ್ಸ್ ತೀರ್ಪನ್ನು ತಿಳಿದಿರಬೇಕು. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಪುನಶ್ಚೇತನಕ್ಕೆ 2015ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವ್ಯವಸ್ಥೆಯನ್ನು ಬ್ಯಾಂಕುಗಳು ಎನ್‌ಪಿಎ ಮಾಡುವ ಮುಂಚೆ ಪಾಲಿಸಲೇಬೇಕು ಎಂದಿತು ಸುಪ್ರೀಂ ಕೋರ್ಟು. ಜೊತೆಗೆ ಉದ್ಯಮಿಯೂ ಎಚ್ಚರವಾಗಿರಬೇಕು ಎಂದಿತು. ತಾನು ಉದ್ಯಮ್ ನೋಂದಣಿ ಇರುವವನು, ಕಷ್ಟದಲ್ಲಿದ್ದೇನೆ ಎಂದು ದಾಖಲೆ ಸಮೇತ ಮುಂಚೆಯೇ ಬರೆದು ಕೊಡದೆ, ಎಲ್ಲ ಮುಗಿದ ಮೇಲೆ ಈ ವಾದ ಎತ್ತಿದರೆ ಕೇಳುವುದಿಲ್ಲ. ಅಂದರೆ ಇಲ್ಲೂ ಗಡಿಯಾರದ್ದೇ ಮಾತು. ಮೂರನೇ ಕಂತು ತಪ್ಪುವ ಮುಂಚೆ ಬರೆದ ಒಂದು ಪತ್ರಕ್ಕೆ ಇರುವ ತೂಕ ಆಮೇಲಿನ ಹತ್ತು ವಕೀಲರಿಗೆ ಇಲ್ಲ.

ಇನ್ನೆರಡು ವಿಷಯಗಳನ್ನು ಬೇಗ ಹೇಳಿಬಿಡುತ್ತೇವೆ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದು, ನಿಜವಾಗಿ ಬೇಸಾಯ ನಡೆಯುತ್ತಿರಬೇಕು. ಸಹಕಾರಿ ಬ್ಯಾಂಕುಗಳೂ ಸರ್ಫೇಸಿ ಬಳಸಬಹುದು ಎಂದು 2020ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಹಾಗಾಗಿ ‘ನಮ್ಮದೇ ಬ್ಯಾಂಕು, ನೋಡಿಕೊಳ್ಳುತ್ತಾರೆ’ ಎಂದು ಕೂರುವಂತಿಲ್ಲ.

ಕೊಳ್ಳಲು ಹೊರಟವರಿಗೆ

ಸ್ವಾಧೀನ ಪ್ರಕಟಣೆ ನೋಡಿ ಮನೆಯವರನ್ನು ಸಂಪರ್ಕಿಸುವುದು ಅಪರಾಧವಲ್ಲ. ಆದರೆ ಮೊದಲ ಭೇಟಿ ಮನೆಯವರ ಜೊತೆ, ಎರಡನೆಯದು ಅವರನ್ನೇ ಕರೆದುಕೊಂಡು ಬ್ಯಾಂಕಿಗೆ. ಈ ದಿನದವರೆಗಿನ ಬಾಕಿ ಎಷ್ಟೆಂದು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಬೇಕು, ಮಾರಾಟಕ್ಕೆ ಅದರ ಒಪ್ಪಿಗೆಯನ್ನೂ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಬೇಕು, ಅದರಲ್ಲಿ ಕಾಣದ ಅಡಮಾನವೇನಾದರೂ ಇದೆಯೇ ಎಂದು ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯಲ್ಲೂ ಹುಡುಕಿಸಬೇಕು. ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ, ಅದು ಸಿದ್ಧವಿದೆಯೇ ನೋಡಬೇಕು. ಬಾಕಿಯಷ್ಟು ಹಣ ಸಾಲದ ಖಾತೆಗೆ, ಉಳಿದದ್ದು ಮಾರುವವರ ಖಾತೆಗೆ, ಎರಡೂ ನೋಂದಣಿಯ ದಿನವೇ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಕೊಡದಿದ್ದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ.

ಹರಾಜಿನಲ್ಲೇ ಕೊಳ್ಳುತ್ತೇನೆ ಎನ್ನುವವರಿಗೆ ಬೇರೆ ಅಪಾಯವಿದೆ. ಬಿಡ್ ಒಪ್ಪಿದ ದಿನ ಅಥವಾ ಮಾರನೇ ಕೆಲಸದ ದಿನ ಶೇ 25, ಉಳಿದ ಶೇ 75 ಸಾಮಾನ್ಯವಾಗಿ 15 ದಿನದಲ್ಲಿ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಮೂರು ತಿಂಗಳವರೆಗೆ ವಿಸ್ತರಣೆ ಸಿಗಬಹುದು. ಗೃಹಸಾಲ ಮಂಜೂರಾಗಲಿಲ್ಲ ಎಂಬ ಕಾರಣ ನಡೆಯುವುದಿಲ್ಲ. ಕಟ್ಟಿದ ಶೇ 25 ಮುಟ್ಟುಗೋಲಾಗುತ್ತದೆ, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಮನೆಯೊಳಗೆ ಇನ್ನೂ ಜನ ಇದ್ದರೆ ಅವರನ್ನು ಬಿಡಿಸುವ ಹೊಣೆ ಯಾರದ್ದು ಎಂಬುದನ್ನು ಪ್ರಕಟಣೆಯಲ್ಲೇ ಓದಿಕೊಳ್ಳಬೇಕು. ‘ಎಲ್ಲಿ ಹೇಗಿದೆಯೋ ಹಾಗೆ’ ಎಂಬ ಸಣ್ಣ ಅಕ್ಷರದ ಸಾಲಿನಲ್ಲಿ ಬಹಳಷ್ಟು ಅಡಗಿರುತ್ತದೆ.

ನೋಟಿಸು ಬಂದವರಿಗೆ

2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿದಾಗ ಎಷ್ಟೋ ಮನೆ ಸಾಲಗಳ ಅವಧಿ ಸಾಲಗಾರರಿಗೆ ಗೊತ್ತಿಲ್ಲದೆ ಉದ್ದವಾಯಿತು. 2025ರ ಕೊನೆಗೆ ದರ 5.25ಕ್ಕೆ ಇಳಿದಿದೆ. ಕಂತು ಇನ್ನೂ ತಪ್ಪದವರು ಇದರ ಲಾಭ ತಮ್ಮ ಖಾತೆಗೆ ಬಂದಿದೆಯೇ ಎಂದು ಕೇಳಲಿ, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಲೂ ಇದು ಸಮಯ. ಒಮ್ಮೆ ಎನ್‌ಪಿಎ ಆದರೆ ಆ ಬಾಗಿಲು ಬಹುತೇಕ ಮುಚ್ಚುತ್ತದೆ.

13(2) ನೋಟಿಸು ಬಂದಿದ್ದರೆ ಅದಕ್ಕೆ ಲಿಖಿತ ಆಕ್ಷೇಪಣೆ ಕೊಡುವ ಹಕ್ಕಿದೆ, ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು. ಮೊತ್ತದ ಲೆಕ್ಕ, ದಂಡದ ಬಡ್ಡಿ ಎಲ್ಲವನ್ನೂ ಅಲ್ಲೇ ಪ್ರಶ್ನಿಸಬೇಕು. 2024ರ ಏಪ್ರಿಲ್‌ನಿಂದ ದಂಡವನ್ನು ಬಡ್ಡಿಯಾಗಿ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಒಂದೇ ಬಾರಿಗೆ ತೀರಿಸುವ ರಾಜಿ ಪ್ರಸ್ತಾವವನ್ನೂ, ಮಾರಾಟಕ್ಕೆ ಒಪ್ಪಿಗೆ ಕೋರುವ ಪತ್ರವನ್ನೂ ಇದೇ ಅವಧಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ರಾಜಿ ಸಾಲಗಾರನ ಹಕ್ಕಲ್ಲ, ಬ್ಯಾಂಕಿನ ವಿವೇಚನೆ. ಆದರೆ ಕೇಳದವರಿಗೆ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಬಹಳ ಮನೆಗಳಲ್ಲಿ ಆ ನೋಟಿಸು ಬೀರುವಿನ ಒಳಗೆ ಸೇರುತ್ತದೆ. ಬೀಗರಿಗೆ ಗೊತ್ತಾದರೆ? ಮಗಳ ಸಂಬಂಧ ಏನಾದೀತು? ಸಣ್ಣ ಸಮಾಜದಲ್ಲಿ ಈ ಅಂಜಿಕೆ ಸುಳ್ಳಲ್ಲ. ಬಾಗಿಲು ತಟ್ಟುವ ಹೂಡಿಕೆದಾರ ಬಳಸಿಕೊಳ್ಳುವುದೂ ಇದನ್ನೇ, ‘ಗುಟ್ಟಾಗಿ ಮುಗಿಸೋಣ’ ಎಂಬುದೇ ಅವನ ಮೊದಲ ಮಾತು. ಗುಟ್ಟಿಗೆ ಮನೆಯವರು ತೆರುವ ಬೆಲೆ ಮೇಲಿನ ಲೆಕ್ಕದ 23 ಲಕ್ಷ. ನಮ್ಮಲ್ಲಿ ಲೆಕ್ಕಪರಿಶೋಧಕರಿಗೆ, ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ, ವಕೀಲರಿಗೆ ಕೊರತೆಯಿಲ್ಲ. ಪ್ರತಿ ಜಿಲ್ಲೆಯಲ್ಲಿ ಇಬ್ಬರೋ ಮೂವರೋ ಹೆಸರು ಹೊರಗೆ ಬಿಡದೆ ಇಂಥ ಪತ್ರ ಓದಿ ಹೇಳಲು ಒಪ್ಪಿಕೊಂಡರೆ, ಸಮಾಜದ ಸಂಘಗಳು ಸನ್ಮಾನ ಸಮಾರಂಭಗಳಿಗೆ ಮಾಡುವ ಖರ್ಚಿನ ಒಂದಂಶವೂ ಇದಕ್ಕೆ ಬೇಕಾಗುವುದಿಲ್ಲ.

ಸ್ವಾಧೀನ ಕ್ರಮವೇ ತಪ್ಪೆಂದು ಅನ್ನಿಸಿದರೆ 17ನೇ ಕಲಮಿನಡಿ ಸಾಲ ವಸೂಲಾತಿ ಟ್ರಿಬ್ಯೂನಲ್‌ಗೆ 45 ದಿನದೊಳಗೆ ಅರ್ಜಿ ಹಾಕಬೇಕು. ರಾಜ್ಯಕ್ಕೆ ಸೇರಿದ ಟ್ರಿಬ್ಯೂನಲ್‌ಗಳು ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಯಲ್ಲಿ, ಅದಕ್ಕೆ ಬಾಕಿಯ ಅರ್ಧದಷ್ಟು ಠೇವಣಿ ಇಡಬೇಕು. ಕಾರಣ ತೋರಿಸಿದರೆ ಕಾಲು ಭಾಗಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಇಲ್ಲ. 45 ದಿನವನ್ನು ಲೆಕ್ಕ ಹಾಕುವುದು ಬ್ಯಾಂಕು ಕ್ರಮ ಕೈಗೊಂಡ ದಿನದಿಂದ. ಬೀರುವಿನಿಂದ ಪತ್ರ ಹೊರಬಂದ ದಿನದಿಂದ ಅಲ್ಲ.